ಕೋಟೆ ಬಾಗಿಲಿನ ಶೇರ್: ನಮ್ಮ ನಾಡಿನ ಕಲೆಯಲ್ಲಿ ಸಿಂಹ ಮತ್ತು ಹುಲಿ

ಮನುಷ್ಯನು ಅಕ್ಷರ ಬರೆಯಲು ಕಲಿಯುವುದಕ್ಕೆ ಸಾವಿರಾರು ವರ್ಷ ಮೊದಲೇ ಪ್ರಾಣಿಗಳ ಚಿತ್ರ ಬರೆಯಲು ಕಲಿತಿದ್ದನು. ಫ್ರಾನ್ಸ್ ದೇಶದ ಲಾಸ್ಕೋ ಗುಹೆಯಲ್ಲಿ ಕುದುರೆ ಮತ್ತು ಕಾಡೆತ್ತುಗಳಿವೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾದಲ್ಲಿ ಬೇಟೆಯ ಚಿತ್ರಗಳಿವೆ. ಅಷ್ಟು ದೂರ ಹೋಗಲಾರೆವು ಎನ್ನುವವರಿಗೆ ನಮ್ಮ ಬಳ್ಳಾರಿಯ ಹತ್ತಿರವೇ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಿವೆ. ಅಲ್ಲಿಯ ಬಂಡೆಗಳ ಮೇಲೆ ಡುಬ್ಬವುಳ್ಳ ಎತ್ತುಗಳನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಇವನ್ನು ಬರೆದವರ ಹೆಸರು ನಮಗೆ ಗೊತ್ತಿಲ್ಲ, ಅವರ ಭಾಷೆಯೂ ಗೊತ್ತಿಲ್ಲ. ಆದರೆ ಎತ್ತು ಮಾತ್ರ ಇಂದಿಗೂ ಎತ್ತೇ.

ಹಾಗೆಂದು ಕಲೆಯಲ್ಲಿ ಬರುವ ಪ್ರಾಣಿ ಯಾವಾಗಲೂ ಬರೀ ಪ್ರಾಣಿಯಾಗಿರುವುದಿಲ್ಲ. ರಾಜ್ಯಗಳು ಹುಟ್ಟಿದ ಮೇಲೆ, ಕೋಟೆಗಳು ಎದ್ದ ಮೇಲೆ, ನಾಣ್ಯಗಳು ಚಲಾವಣೆಗೆ ಬಂದ ಮೇಲೆ ಪ್ರಾಣಿಗಳಿಗೆ ಹೊಸ ಕೆಲಸ ಬಂತು. ಅವು ಯಾರದೋ ಪರವಾಗಿ ಮಾತನಾಡತೊಡಗಿದವು. ಅಶೋಕನ ಸಾರನಾಥದ ಸಿಂಹಗಳು ಒಬ್ಬ ಚಕ್ರವರ್ತಿಯ ಪರವಾಗಿ ಮಾತನಾಡಿದವು, 1950ರಿಂದ ಅವೇ ಸಿಂಹಗಳು ಗಣರಾಜ್ಯದ ಪರವಾಗಿ ಮಾತನಾಡುತ್ತಿವೆ. ಸಿಂಹ ಬದಲಾಗಲಿಲ್ಲ, ಒಡೆಯ ಬದಲಾದ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದೂ ಇಂಥದೇ ಒಂದು ಕಥೆ. ಎಲ್ಲ ಪ್ರಾಣಿಗಳನ್ನೂ ಹಿಡಿದು ಕೂತರೆ ಈ ಸಂಚಿಕೆಯೇ ಸಾಲದು. ಆದ್ದರಿಂದ ಶೇರ್ ಒಂದನ್ನೇ ಹಿಡಿದುಕೊಂಡು ನಿಮ್ಮನ್ನು ಬೀದರ್, ವಿಜಯಪುರ ಮತ್ತು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ.

ಹೊರಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಇತಿಹಾಸದ ಪಾಠದಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ಕೇಳುತ್ತಾನೆ: "ಸರ್, ನಮ್ಮಲ್ಲಿ ಜೀವಿಗಳ ಚಿತ್ರ ಬರೆಯಬಾರದಲ್ಲವೇ? ಹಾಗಾದರೆ ಸುಲ್ತಾನರ ಕೋಟೆಯ ಮೇಲೆ ಹುಲಿ ಹೇಗೆ ಬಂತು?" ಪ್ರಶ್ನೆ ಸರಿಯಾದದ್ದೇ. ಚಿತ್ರರಚನೆಯ ಬಗ್ಗೆ ಧರ್ಮದ ಆದೇಶವೇನು ಎಂಬುದನ್ನು ಉಲಮಾಗಳು ಹೇಳಬೇಕು, ಶಾಲಾ ಶಿಕ್ಷಕನಾದ ನಾನಲ್ಲ. ಆದರೆ ಇತಿಹಾಸದಲ್ಲಿ ಏನು ನಡೆಯಿತು ಎಂಬುದನ್ನು ಹೇಳಬಹುದು. ಇಸ್ಲಾಮೀ ನಾಡುಗಳಲ್ಲಿ ಇಬಾದತ್ತಿನ ಸ್ಥಳಕ್ಕೆ ಒಂದು ಪದ್ಧತಿ, ಅರಮನೆ, ಕೋಟೆ ಮತ್ತು ಪುಸ್ತಕಗಳಿಗೆ ಇನ್ನೊಂದು ಪದ್ಧತಿ ಬಹಳ ಹಿಂದಿನಿಂದ ನಡೆದುಕೊಂಡು ಬಂದಿತ್ತು.

ಇದಕ್ಕೆ ಜೋರ್ಡಾನ್ ದೇಶದ ಮುಶತ್ತಾ ಅರಮನೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದು ಎಂಟನೆಯ ಶತಮಾನದ್ದು, ಉಮಯ್ಯಾ ಖಲೀಫರ ಕಾಲದ್ದು. ಅದರ ಮುಂಭಾಗದ ಕಲ್ಲಿನ ಗೋಡೆಯ ತುಂಬ ದ್ರಾಕ್ಷಿ ಬಳ್ಳಿಯ ಕೆತ್ತನೆ. ಬಾಗಿಲಿನ ಎಡಗಡೆಗೆ ಬಳ್ಳಿಗಳ ನಡುವೆ ಸಿಂಹಗಳಿವೆ, ಹಕ್ಕಿಗಳಿವೆ, ರೆಕ್ಕೆಯ ವಿಚಿತ್ರ ಮೃಗಗಳೂ ಇವೆ. ಬಲಗಡೆಗೆ ಅದೇ ಬಳ್ಳಿ, ಅದೇ ಎಲೆ, ಆದರೆ ಒಂದೇ ಒಂದು ಜೀವಿ ಇಲ್ಲ. ಏಕೆ? ಬಲಗಡೆಯ ಗೋಡೆಯ ಹಿಂದೆ ಮಸೀದಿ ಇತ್ತು ಎಂದು ವಿದ್ವಾಂಸರು ಕಾರಣ ಕೊಡುತ್ತಾರೆ. ಒಂದೇ ಗೋಡೆಯ ಮೇಲೆ ಶಿಲ್ಪಿ ಎಲ್ಲಿ ನಿಲ್ಲಿಸಬೇಕೆಂದು ತಿಳಿದು ನಿಲ್ಲಿಸಿದ್ದಾನೆ. ಈ ಗೋಡೆಯ ಬಹುಭಾಗವನ್ನು 1903ರಲ್ಲಿ ಉಸ್ಮಾನೀ ಸುಲ್ತಾನ ಎರಡನೇ ಅಬ್ದುಲ್ ಹಮೀದರು ಜರ್ಮನಿಯ ಕೈಸರ್‌ಗೆ ಉಡುಗೊರೆಯಾಗಿ ಕೊಟ್ಟುಬಿಟ್ಟರು, ಅದು ಬರ್ಲಿನ್ ಸೇರಿತು. ಉಡುಗೊರೆ ಎಂದರೆ ಹೀಗೂ ಇರುತ್ತದೆ! ಸ್ಪೇನಿನ ಅಲ್‌ಹಂಬ್ರಾದಲ್ಲಿ ಹನ್ನೆರಡು ಕಲ್ಲಿನ ಸಿಂಹಗಳು ಕಾರಂಜಿಯನ್ನು ಹೊತ್ತು ನಿಂತಿರುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅದೂ ಅರಮನೆಯೇ, ಮಸೀದಿಯಲ್ಲ.

ಪುಸ್ತಕಗಳ ಮಾತು ಇನ್ನೂ ಸ್ವಾರಸ್ಯಕರ. ನಮ್ಮ ಪಂಚತಂತ್ರದಲ್ಲಿ ಕರಟಕ, ದಮನಕ ಎಂಬ ಎರಡು ನರಿಗಳಿವೆಯಲ್ಲವೇ? ಆ ಕಥೆಗಳು ಆರನೆಯ ಶತಮಾನದಲ್ಲಿ ಇರಾನಿನ ಪಹ್ಲವಿ ಭಾಷೆಗೆ ಹೋದವು, ಅಲ್ಲಿಂದ ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫಾ ಅವುಗಳನ್ನು ಅರಬ್ಬಿಗೆ ತಂದನು. ಆ ನರಿಗಳ ಹೆಸರೇ ಬದಲಾಗಿ ಪುಸ್ತಕಕ್ಕೆ 'ಕಲೀಲಾ ವ ದಿಮ್ನಾ' ಎಂಬ ಹೆಸರು ಬಂತು. ಹದಿಮೂರನೆಯ ಶತಮಾನದಿಂದ ಅದರ ಸಚಿತ್ರ ಹಸ್ತಪ್ರತಿಗಳು ಉಳಿದುಬಂದಿವೆ. ಕಿರೀಟವಿಲ್ಲದ ರಾಜನಂತೆ ಕುಳಿತ ಸಿಂಹ, ಅದರ ಮುಂದೆ ನರಿ, ಎತ್ತು. ಕನ್ನಡದಲ್ಲಿ ದುರ್ಗಸಿಂಹನು ಕ್ರಿ.ಶ. 1031ರ ಸುಮಾರಿಗೆ ಚಾಲುಕ್ಯರ ಆಶ್ರಯದಲ್ಲಿ ಇವೇ ಕಥೆಗಳನ್ನು ಬರೆದನು. ಅಂದರೆ ಬಗ್ದಾದಿನ ಓದುಗನೂ ಕಲ್ಯಾಣದ ಓದುಗನೂ ಒಂದೇ ಸಿಂಹದ ಕಥೆಯನ್ನು ಓದಿ, ರಾಜನಾದವನು ಚಾಡಿ ಮಾತು ಕೇಳಿದರೆ ಏನಾಗುತ್ತದೆ ಎಂದು ತಿಳಿದುಕೊಂಡರು. ಸಿಂಹ ಎಂದರೆ ರಾಜ, ರಾಜ ಎಂದರೆ ಸಿಂಹ. ಈ ಸಮೀಕರಣ ಯಾವ ಒಂದು ಮತದ ಸ್ವತ್ತೂ ಆಗಿರಲಿಲ್ಲ.

ಇನ್ನು ಒಂದು ಸಣ್ಣ ಭಾಷಾಪಾಠ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಕನ್ನಡದಲ್ಲಿ ಸಿಂಹ ಬೇರೆ, ಹುಲಿ ಬೇರೆ, ಗೊಂದಲವಿಲ್ಲ. ಪಾರ್ಸಿಯಲ್ಲಿ 'ಶೇರ್' ಎಂದರೆ ಸಿಂಹ, 'ಬಬ್ರ್' ಎಂದರೆ ಹುಲಿ. ಅದೇ 'ಶೇರ್' ಹಿಂದೂಸ್ತಾನಕ್ಕೆ ಬಂದಾಗ ಇಲ್ಲಿಯ ಕಾಡಿನಲ್ಲಿ ಕಾಣುತ್ತಿದ್ದುದು ಹೆಚ್ಚಾಗಿ ಹುಲಿ. ಹೀಗಾಗಿ ಉರ್ದುವಿನಲ್ಲಿ ಶೇರ್ ಎಂದರೆ ಹುಲಿಯೂ ಆಯಿತು, ಸಿಂಹವೂ ಆಯಿತು. ಕೊನೆಗೆ ಸಿಂಹವನ್ನು ಬೇರೆ ಮಾಡಿ ಹೇಳಲು ಹುಲಿಯ ಹೆಸರನ್ನೇ ಮುಂದೆ ಸೇರಿಸಿ 'ಬಬ್ಬರ್ ಶೇರ್' ಎಂದರು! ಅರಬ್ಬಿಯ 'ಅಸದ್' ಎಂದರೆ ಸಿಂಹ. 'ಹೈದರ್' ಎಂದರೂ ಸಿಂಹವೇ, ಅದು ಹಜ್ರತ್ ಅಲಿ(ರ) ಅವರಿಗೆ ತಾಯಿ ಇಟ್ಟಿದ್ದ ಹೆಸರು ಎಂದು ಹೇಳುತ್ತಾರೆ. ಅವರ ಶೌರ್ಯಕ್ಕಾಗಿ ಅವರನ್ನು 'ಅಸದುಲ್ಲಾಹ್', ಅಂದರೆ ಅಲ್ಲಾಹನ ಸಿಂಹ ಎಂದು ಕರೆಯುತ್ತಾರೆ. 'ಶರ್ಜಾ' ಎಂದರೆ ರೊಚ್ಚಿಗೆದ್ದ, ಉಗ್ರವಾದ ಎಂದರ್ಥ, ಸಿಂಹಕ್ಕೇ ಹೆಚ್ಚಾಗಿ ಹೇಳುವ ವಿಶೇಷಣ. ಈ ಐದಾರು ಶಬ್ದಗಳನ್ನು ನೆನಪಿನಲ್ಲಿಡಿ. ಮುಂದೆ ಇವೇ ಬೀಗದ ಕೈಗಳಾಗುತ್ತವೆ.

ಈಗ ಬೀದರಿಗೆ ಬನ್ನಿ. ಕೋಟೆಯ ಮುಖ್ಯ ದಾರಿಯಲ್ಲಿ ಎದುರಾಗುವ ಒಂದು ಬಾಗಿಲಿನ ಹೆಸರು ಶರ್ಜಾ ದರ್ವಾಜಾ. ಅಲ್ಲಿಯ ಶಾಸನದ ಪ್ರಕಾರ ಅದು ಮಹಮೂದ್ ಶಾಹ್ ಬಹಮನಿಯ ಕಾಲದ್ದು, 1503ನೇ ಇಸವಿ. ಅಂದರೆ ಬಹಮನಿ ರಾಜ್ಯ ಒಡೆದು ಹೋಳಾಗುತ್ತಿದ್ದ, ಸುಲ್ತಾನನ ಮಾತು ಕೋಟೆಯ ಹೊರಗೆ ನಡೆಯದಿದ್ದ ಕಾಲ. ಬಾಗಿಲಿನ ಮುಖದ ಮೇಲೆ ಎರಡು ಮೃಗಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಕೆಲವರು ಹುಲಿ ಎನ್ನುತ್ತಾರೆ, ಕೆಲವರು ಸಿಂಹ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಜಗಳ ಬೇಡ. ದಖ್ಖನಿನ ಶಿಲ್ಪಿಗೆ ಹುಲಿಯ ಪರಿಚಯವಿತ್ತು, ಸಿಂಹದ ಕಥೆ ಗೊತ್ತಿತ್ತು, ಅವನು ಕೆತ್ತಿದ್ದು 'ಶೇರ್'. ಬೀದರಿನ ಸ್ಮಾರಕಗಳ ಬಗ್ಗೆ 1947ರಲ್ಲಿ ದೊಡ್ಡ ಗ್ರಂಥ ಬರೆದ ಗುಲಾಂ ಯಜ್ದಾನಿಯವರು ಈ ಮೃಗಗಳನ್ನು ಹಜ್ರತ್ ಅಲಿ(ರ) ಅವರ ಬಿರುದಿನೊಂದಿಗೆ ಸಂಬಂಧ ಕಲ್ಪಿಸಿ ವಿವರಿಸಿದ್ದಾರೆ. ಸುಲ್ತಾನನ ತೋಳಿನಲ್ಲಿ ಶಕ್ತಿ ಕಡಿಮೆಯಾಗುತ್ತಿದ್ದ ಹೊತ್ತಿನಲ್ಲಿ ಬಾಗಿಲಿನ ಮೇಲೆ ಶಕ್ತಿಯ ಗುರುತನ್ನು ಕೆತ್ತಿಸಿದ್ದು ಗಮನಿಸಬೇಕಾದ ಸಂಗತಿ.

ಅದೇ ಬೀದರಿನಲ್ಲಿ, ಕೋಟೆಯಿಂದ ಸ್ವಲ್ಪ ದೂರದಲ್ಲಿ, ಮಹಮೂದ್ ಗವಾನನ ಮದರಸಾ ಇದೆ. 1472ರಲ್ಲಿ ಕಟ್ಟಿದ್ದು. 1696ರಲ್ಲಿ ಮದ್ದಿನ ಸ್ಫೋಟವಾಗಿ ಅರ್ಧ ಹಾಳಾದರೂ ಅದರ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಹೊಳೆಯುತ್ತಿವೆ. ಅಲ್ಲಿ ನಿಮಗೆ ಕುರ್‌ಆನಿನ ಅಕ್ಷರಗಳು ಕಾಣುತ್ತವೆ, ಹೂಬಳ್ಳಿ ಕಾಣುತ್ತದೆ, ಪ್ರಾಣಿ ಕಾಣುವುದಿಲ್ಲ. ಒಂದೇ ಊರು, ಮೂವತ್ತೊಂದು ವರ್ಷದ ಅಂತರ. ಮುಶತ್ತಾದ ಗೋಡೆಯ ಎಡ ಮತ್ತು ಬಲ ಇಲ್ಲಿ ಎರಡು ಕಟ್ಟಡಗಳಾಗಿ ನಿಂತಿವೆ ಎಂದರೆ ತಪ್ಪಾಗಲಾರದು. ಬೀದರಿಗೆ ಪ್ರವಾಸ ಹೋಗುವ ಶಾಲೆಗಳು ಎರಡನ್ನೂ ಒಂದೇ ದಿನ ನೋಡುತ್ತವೆ, ಆದರೆ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವವರು ಕಡಿಮೆ.

ವಿಜಯಪುರದ ಮಾತಿಗೆ ಬಂದರೆ ಗೋಲಗುಮ್ಮಟ ನೋಡಿ ಬಸ್ ಹತ್ತುವವರೇ ಹೆಚ್ಚು. ಊರಿನ ಪಶ್ಚಿಮದ ಕೋಟೆಗೋಡೆಯ ಕಡೆ ಶರ್ಜಾ ಬುರುಜು ಎಂಬ ಬುರುಜಿದೆ, ಇಲ್ಲೂ ಅದೇ ಶಬ್ದ! 1671ರಲ್ಲಿ ಕಟ್ಟಿದ ಈ ಬುರುಜಿನ ಮೇಲೆ 'ಮಲಿಕ್-ಎ-ಮೈದಾನ್' ಎಂಬ ಪ್ರಸಿದ್ಧ ತೋಪು ಇದೆ. ರಣರಂಗದ ಒಡೆಯ ಎಂದು ಅರ್ಥ. ಸುಮಾರು ಹದಿನಾಲ್ಕು ಅಡಿ ಉದ್ದ, ಸುಮಾರು 55 ಟನ್ ತೂಕ. ದೂರದಿಂದ ನೋಡಿದರೆ ಬರೀ ದೊಡ್ಡ ಲೋಹದ ಕೊಳವೆ. ಹತ್ತಿರ ಹೋಗಿ ಅದರ ಬಾಯಿಯನ್ನು ನೋಡಬೇಕು. ತೋಪಿನ ಬಾಯಿ ಎಂದರೆ ಒಂದು ಸಿಂಹದ ಬಾಯಿ. ಕಣ್ಣು, ಕಿವಿ, ಹಲ್ಲು ಎಲ್ಲವೂ ಇವೆ. ಆ ತೆರೆದ ದವಡೆಯ ಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ದೊಡ್ಡ ಪ್ರಾಣಿಯಾದ ಆನೆಯನ್ನು ಇಲಿಯಷ್ಟು ಸಣ್ಣದಾಗಿ ಮಾಡಿ ಸಿಂಹದ ಬಾಯಿಗೆ ಕೊಟ್ಟಿದ್ದಾನೆ ಕಲಾವಿದ. ಆ ಕಾಲದ ಯುದ್ಧಗಳಲ್ಲಿ ಆನೆ ಎಂದರೆ ಸೈನ್ಯದ ಬಲ, ಆನೆಗಳ ಸಂಖ್ಯೆಯಿಂದಲೇ ರಾಜನ ದೊಡ್ಡಸ್ತಿಕೆಯನ್ನು ಅಳೆಯುತ್ತಿದ್ದರು. ನಿನ್ನ ಆನೆಗಳೆಲ್ಲ ನನ್ನ ಬಾಯಿಗೆ ಒಂದು ತುತ್ತು ಎಂದು ಈ ತೋಪು ಎದುರಿನವನಿಗೆ ಹೇಳುತ್ತಿದೆ.

ಇದನ್ನು ನೋಡಿದ ಕೂಡಲೇ ಕನ್ನಡ ನಾಡಿನವರಿಗೆ ಬೇರೆ ಏನೋ ನೆನಪಾಗಬೇಕು. ಆನೆಯನ್ನು ಮೆಟ್ಟಿ ನಿಂತ ಸಿಂಹ ನಮ್ಮ ದೇವಾಲಯಗಳ ಶಿಲ್ಪದಲ್ಲಿ ಎಷ್ಟು ಕಡೆ ಇಲ್ಲ? ವಿಜಯನಗರದ ಅಚ್ಯುತರಾಯನ ನಾಣ್ಯದ ಮೇಲೆ ಎರಡು ತಲೆಯ ಗಂಡಭೇರುಂಡ ಪಕ್ಷಿ ತನ್ನ ಕೊಕ್ಕುಗಳಲ್ಲಿ ಮತ್ತು ಕಾಲುಗಳಲ್ಲಿ ಆನೆಗಳನ್ನು ಹಿಡಿದು ಹಾರುತ್ತದೆ. ಹೊಯ್ಸಳರ ಲಾಂಛನದಲ್ಲಿ ಸಳನು ಎದುರಿಸುತ್ತಿರುವ ಮೃಗ ಕಥೆಯಲ್ಲಿ ಹುಲಿ, ಬೇಲೂರಿನ ಶಿಲ್ಪದಲ್ಲಿ ಸಿಂಹದಂತೆ ಕಾಣುತ್ತದೆ. ಅಲ್ಲೂ ನಮ್ಮ 'ಶೇರ್' ಸಮಸ್ಯೆಯೇ! ಗಂಡಭೇರುಂಡ ಮುಂದೆ ಮೈಸೂರು ಒಡೆಯರ ಲಾಂಛನವಾಯಿತು, ಇಂದು ಕರ್ನಾಟಕ ಸರ್ಕಾರದ ಲಾಂಛನದ ನಡುವೆ ಇದೆ. ನಿಮ್ಮ ಅಂಕಪಟ್ಟಿಯ ಮೇಲೂ ಅದನ್ನು ಕಾಣಬಹುದು. ಮಲಿಕ್-ಎ-ಮೈದಾನಿನ ಸಿಂಹ ಪರಕೀಯ ಭಾಷೆಯಲ್ಲಿ ಗರ್ಜಿಸಲಿಲ್ಲ. ಈ ನೆಲದ ಯಾರಿಗಾದರೂ ನೋಡಿದ ತಕ್ಷಣ ಅರ್ಥವಾಗುವ ಭಾಷೆಯಲ್ಲೇ ಗರ್ಜಿಸಿತು. (ಆನೆಯ ಪರವಾಗಿ ಒಂದು ಮಾತು: ಅದೇ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ತನ್ನ ಆತಶ್ ಖಾನ್ ಎಂಬ ಆನೆಯನ್ನು ಎಷ್ಟು ಪ್ರೀತಿಸುತ್ತಿದ್ದನೆಂದರೆ ತಾನು ಬರೆದ 'ಕಿತಾಬ್-ಎ-ನೌರಸ್'ನಲ್ಲಿ ಅದನ್ನು ಹಾಡಿ ಹೊಗಳಿದ್ದಾನೆ.)

ಈ ತೋಪು ಬಿಜಾಪುರದಲ್ಲಿ ಹುಟ್ಟಿದ್ದಲ್ಲ. ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಮೂಲದ ಎರಕದವನು 1549ರಲ್ಲಿ ಅಹಮದ್‌ನಗರದ ನಿಜಾಮ್ ಶಾಹಿ ಸುಲ್ತಾನನಿಗಾಗಿ ಎರಕ ಹೊಯ್ದದ್ದು. ಅವನ ಹೆಸರೂ ಸುಲ್ತಾನನ ಹೆಸರೂ ತೋಪಿನ ಮೇಲೆ ಇವೆ. 1632ರಲ್ಲಿ ಅದು ಬಿಜಾಪುರದವರ ಕೈಸೇರಿತು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದಾಗ ತೋಪಿನ ಮೇಲೆ ತನ್ನ ಗೆಲುವಿನ ಬರಹವನ್ನೂ ಕೊರೆಸಿದನು. ಹಳೆಯ ಬರಹವನ್ನು ಅಳಿಸಲಿಲ್ಲ, ಸಿಂಹದ ಬಾಯಿಯನ್ನು ಬದಲಿಸಲಿಲ್ಲ, ಪಕ್ಕದಲ್ಲಿ ತನ್ನ ಹೆಸರನ್ನು ಸೇರಿಸಿದ ಅಷ್ಟೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜು ಹಾಕಿದರು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ! ಮೊತ್ತ ತೀರಾ ಕಡಿಮೆಯಾಯಿತೆಂದು ಹರಾಜನ್ನು ರದ್ದು ಮಾಡಿದ್ದರಿಂದ ನಮಗೆ ತೋಪು ಉಳಿಯಿತು. ರಣರಂಗದ ಒಡೆಯನನ್ನು ಸೌದೆಯಂತೆ ತೂಗಿ ಮಾರಲು ಹೊರಟವರಿಗೆ ಅದರ ಬಾಯಿಯ ಆನೆ ಏನು ಹೇಳುತ್ತಿದೆ ಎಂದು ಓದುವ ವ್ಯವಧಾನವಿರಲಿಲ್ಲ ಎಂದು ಕಾಣುತ್ತದೆ.

ಇನ್ನು ಶ್ರೀರಂಗಪಟ್ಟಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಟಿಪ್ಪು ಸುಲ್ತಾನ್ 1782ರ ಕೊನೆಯಲ್ಲಿ ತಂದೆ ಹೈದರ್ ಅಲಿಯ ಮರಣಾನಂತರ ಅಧಿಕಾರಕ್ಕೆ ಬಂದನು, 1799ರ ಮೇ 4ರಂದು ಹೋರಾಡುತ್ತ ಮಡಿದನು. ಈ ಹದಿನಾರು ವರ್ಷಗಳಲ್ಲಿ ಅವನು ಹುಲಿಯನ್ನು ಬಳಸಿದಂತೆ ಬೇರೆ ಯಾವ ರಾಜನೂ ಒಂದು ಪ್ರಾಣಿಯನ್ನು ಬಳಸಿರಲಿಕ್ಕಿಲ್ಲ. ತೋಪುಗಳ ಬಾಯಿ ಹುಲಿಯ ತಲೆ. ಕತ್ತಿಯ ಹಿಡಿಯಲ್ಲಿ ಹುಲಿ. ಸೈನಿಕರ ಅಂಗಿಯ ಮೇಲೆ 'ಬಬ್ರೀ' ಎಂದು ಕರೆಯುವ ಹುಲಿಪಟ್ಟೆ. ಅರಮನೆಯ ಬಳಿ ಜೀವಂತ ಹುಲಿಗಳನ್ನೂ ಕಟ್ಟಿದ್ದರು. ಕೋಟೆ ಬಿದ್ದ ಮೇಲೆ ಅವುಗಳಿಗೆ ಆಹಾರ ಹಾಕುವವರಿಲ್ಲದೆ, ಆರ್ಥರ್ ವೆಲ್ಲೆಸ್ಲಿಯ ಆಜ್ಞೆಯಂತೆ ಗುಂಡು ಹೊಡೆದು ಕೊಂದರು. ಟಿಪ್ಪು ಕಾಡಿನಲ್ಲಿ ಬರಿಗೈಯಿಂದ ಹುಲಿಯನ್ನು ಕೊಂದ ಕಥೆ ಮಕ್ಕಳಿಗೆಲ್ಲ ಗೊತ್ತು. ಆ ಕಥೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಕಥೆಯನ್ನು ಅವನ ವಸ್ತುಗಳೇ ಹೇಳುತ್ತವೆ.

ಸಿಂಹಾಸನವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ರಾಜನ ಪೀಠಕ್ಕೆ ಸಿಂಹಾಸನ ಎಂದೇ ಹೆಸರು, ಅದರಲ್ಲಿ ಸಿಂಹ ಇರಲಿ ಬಿಡಲಿ. ಟಿಪ್ಪುವಿನದು ಹುಲಿಯಾಸನ. ಎಂಟು ಮೂಲೆಯ, ಮರದ ಮೇಲೆ ಚಿನ್ನದ ತಗಡು ಹೊದಿಸಿದ ಪೀಠ. ಅದನ್ನು ಹೊತ್ತಂತೆ ಒಂದು ದೊಡ್ಡ ಹುಲಿ, ಅದರ ಕಣ್ಣು ಮತ್ತು ಹಲ್ಲು ಸ್ಫಟಿಕದವು. ಸುತ್ತಲಿನ ಕಟಕಟೆಯ ಮೇಲೆ ರತ್ನ ಕೂಡಿಸಿದ ಎಂಟು ಚಿಕ್ಕ ಹುಲಿ ತಲೆಗಳು. ಮೇಲಿನ ಛತ್ರಿಯ ತುದಿಯಲ್ಲಿ ಹುಮಾ ಪಕ್ಷಿ. ಹುಮಾ ಯಾರೂ ಕಣ್ಣಾರೆ ಕಾಣದ ಹಕ್ಕಿ, ಅದರ ನೆರಳು ಯಾರ ತಲೆಯ ಮೇಲೆ ಬೀಳುತ್ತದೆಯೋ ಅವನು ಬಾದಶಾಹನಾಗುತ್ತಾನೆಂದು ಪಾರ್ಸಿ ಮತ್ತು ಉರ್ದು ಕಾವ್ಯದಲ್ಲಿ ಪ್ರತೀತಿ. ಕೆಳಗೆ ಹುಲಿಯ ಬಲ, ಮೇಲೆ ಹುಮಾದ ನೆರಳು, ನಡುವೆ ಸುಲ್ತಾನ. ಇಡೀ ಸಿಂಹಾಸನ ಒಂದು ವಾಕ್ಯದಂತಿದೆ. ಇಂಗ್ಲಿಷರನ್ನು ಸೋಲಿಸುವವರೆಗೆ ಅದನ್ನು ಏರುವುದಿಲ್ಲ ಎಂದು ಅವನು ಶಪಥ ಮಾಡಿದ್ದನೆಂದು ಹೇಳುತ್ತಾರೆ.

ಹುಲಿಯೇ ಏಕೆ? ಅವನ ಬಾವುಟ ಮತ್ತು ಆಯುಧಗಳ ಮೇಲೆ ಒಂದು ವಿಶೇಷವಾದ ಗುರುತು ಇರುತ್ತಿತ್ತು. ನೋಡಿದರೆ ಹುಲಿಯ ಮುಖ. ಸರಿಯಾಗಿ ನೋಡಿದರೆ ಅಕ್ಷರಗಳು. ಅರಬ್ಬಿ ಬರಹವನ್ನು ಕನ್ನಡಿಯಲ್ಲಿ ಕಂಡಂತೆ ಎರಡೂ ಕಡೆ ಹೊಂದಿಸಿ, ಕಣ್ಣು, ಮೂಗು, ಹುಬ್ಬು ಮೂಡುವಂತೆ ಬರೆದಿದ್ದಾರೆ. ಬರಹ ಇದು: 'ಅಸದುಲ್ಲಾಹ್ ಅಲ್-ಗಾಲಿಬ್', ಅಲ್ಲಾಹನ ಸಿಂಹ ವಿಜಯಶಾಲಿ. ಉರ್ದು ವಿದ್ಯಾರ್ಥಿಗಳಿಗೆ ಈಗ ಮಿರ್ಜಾ ಅಸದುಲ್ಲಾ ಖಾನ್ ಗಾಲಿಬ್ ನೆನಪಾಗಿರಬೇಕು. ಶ್ರೀರಂಗಪಟ್ಟಣ ಬೀಳುವಾಗ ದೂರದ ಆಗ್ರಾದಲ್ಲಿ ಆ ಕವಿ ಒಂದೂವರೆ ವರ್ಷದ ಕೂಸು. ಟಿಪ್ಪುವಿನ ಮಟ್ಟಿಗೆ ಈ ಬರಹದಲ್ಲಿ ಮೂರು ಅರ್ಥಗಳು ಒಂದರ ಮೇಲೊಂದು ಕೂತಿದ್ದವು. ಹಜ್ರತ್ ಅಲಿ(ರ) ಅವರ ಬಿರುದು ಒಂದು. ತಂದೆ ಹೈದರನ ಹೆಸರಿನ ಅರ್ಥ ಇನ್ನೊಂದು. ಮಲೆನಾಡಿನ ಮತ್ತು ಮೈಸೂರಿನ ಕಾಡುಗಳ ಹುಲಿ ಮೂರನೆಯದು. ಅಕ್ಷರ ಅರಬ್ಬಿ, ಮುಖ ಮೈಸೂರು ಸೀಮೆಯ ಹುಲಿಯದು.

ಆದರೆ ಅವನ ಪ್ರಜೆಗಳಲ್ಲಿ ಬಹುಪಾಲು ಜನರಿಗೆ ಅರಬ್ಬಿ ಓದಲು ಬರುತ್ತಿರಲಿಲ್ಲ. ಅವರಿಗೆ ಆ ಹುಲಿ ಏನಾಗಿ ಕಂಡಿರಬಹುದು? ಕೇಟ್ ಬ್ರಿಟಲ್‌ಬ್ಯಾಂಕ್ ಎಂಬ ಇತಿಹಾಸಕಾರ್ತಿ ಈ ಪ್ರಶ್ನೆಯನ್ನು 1995ರ ಒಂದು ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ದಕ್ಷಿಣ ಭಾರತದಲ್ಲಿ ಹುಲಿ ದೇವಿಯ ಶಕ್ತಿಯ ಗುರುತೂ ಹೌದು, ಸೂಫಿ ವಲಿಗಳ ಬರಕತ್ತಿನ ಗುರುತೂ ಹೌದು, ಆದ್ದರಿಂದ ಟಿಪ್ಪುವಿನ ಹುಲಿ ಎಲ್ಲರೊಡನೆಯೂ ಮಾತನಾಡಿತು ಎಂಬುದು ಅವರ ವಾದದ ತಿರುಳು. ನನಗೆ ಇದು ಒಪ್ಪಿಗೆಯಾಗುತ್ತದೆ. ಮೈಸೂರು ಸೀಮೆಯಲ್ಲೇ ಮಲೆ ಮಹದೇಶ್ವರನ ವಾಹನ ಹುಲಿ. ಹುಲಿಯ ಮೇಲೆ ಕುಳಿತು ಬರುವ ಪೀರರ ಕಥೆಗಳನ್ನು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಉತ್ತರ ಕರ್ನಾಟಕದ ಊರುಗಳಲ್ಲಿ ಮೊಹರಂ ಬಂತೆಂದರೆ ಮೈಗೆ ಹಳದಿ, ಕಪ್ಪು ಪಟ್ಟೆ ಬಳಿದುಕೊಂಡು ಹುಲಿವೇಷ ಹಾಕುತ್ತಾರೆ, ಹಾಕುವವರಲ್ಲಿ ಹಿಂದೂಗಳೂ ಇರುತ್ತಾರೆ. ಕರಾವಳಿಯಲ್ಲಿ ಅದೇ ವೇಷ ನವರಾತ್ರಿಗೆ. ಇಂದು ಟಿಪ್ಪುವಿನ ಹುಲಿಯನ್ನು ಒಬ್ಬರು ಬರೀ ಹೆಮ್ಮೆಯ ಗುರುತಾಗಿ ಎತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಬರೀ ಕ್ರೌರ್ಯದ ಗುರುತಾಗಿ ನೋಡುತ್ತಾರೆ. ಹುಲಿಯ ಮುಖದೊಳಗಿನ ಅಕ್ಷರವನ್ನು ಓದುವ ತೊಂದರೆಯನ್ನು ಇಬ್ಬರೂ ತೆಗೆದುಕೊಂಡಂತೆ ಕಾಣುವುದಿಲ್ಲ.

ಎಲ್ಲಕ್ಕಿಂತ ಹೆಸರಾದದ್ದು ಮರದ ಹುಲಿ. ಸುಮಾರು 178 ಸೆಂಟಿಮೀಟರ್ ಉದ್ದ, 71 ಸೆಂಟಿಮೀಟರ್ ಎತ್ತರ. ಯುರೋಪಿಯನ್ ಉಡುಪಿನ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದಾನೆ, ಹುಲಿ ಅವನ ಮೇಲೆ ಏರಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದಿ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯೊಳಗೆ ಒಂದು ಸಣ್ಣ ಆರ್ಗನ್ ವಾದ್ಯವೂ ಇದೆ. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಜನರಲ್ ಮನ್ರೋನ ಮಗನನ್ನು ಹುಲಿ ಕೊಂದ ಸುದ್ದಿ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತ್ತು, ಆ ದೃಶ್ಯದ ಪಿಂಗಾಣಿ ಗೊಂಬೆಗಳನ್ನೂ ಅಲ್ಲಿ ಮಾಡಿ ಮಾರಿದರು. ಅದೇ ಘಟನೆ ಟಿಪ್ಪುವಿನ ಗೊಂಬೆಗೂ ಪ್ರೇರಣೆ ಎಂದು ಕೆಲವರು ಹೇಳುತ್ತಾರೆ. ಗೊಂಬೆಗೆ ಅಷ್ಟು ದೂರದ ಕಾರಣ ಬೇಕಾಗಿಲ್ಲ ಎನ್ನುವುದು ನನ್ನ ಭಾವನೆ. ಬಿಜಾಪುರದ ತೋಪಿನಲ್ಲಿ ಸಿಂಹದ ಬಾಯಿಗೆ ಆನೆ ಸಿಕ್ಕಿತ್ತು, ಇಲ್ಲಿ ಆನೆಯ ಜಾಗಕ್ಕೆ ಕೆಂಪು ಕೋಟಿನವನು ಬಂದಿದ್ದಾನೆ.

1799ರಲ್ಲಿ ಕೋಟೆ ಬಿತ್ತು. ಲೂಟಿಯ ಪಾಲು ಹಂಚುವ ಅಧಿಕಾರಿಗಳು ಹುಲಿಯಾಸನವನ್ನು ಒಡೆದು ಚಿನ್ನವನ್ನು ತುಂಡು ಮಾಡಿದರು. ದೊಡ್ಡ ಹುಲಿಯ ತಲೆ ಮತ್ತು ಹುಮಾ ಇಂಗ್ಲೆಂಡಿನ ರಾಜರ ಸಂಗ್ರಹ ಸೇರಿದವು, ಈಗಲೂ ಅಲ್ಲೇ ಇವೆ. ಮರದ ಹುಲಿ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ಗೆ ಹೋಗಿ 1808ರಿಂದ ಜನರಿಗೆ ಮೋಜಿನ ವಸ್ತುವಾಯಿತು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಜಖಂಗೊಂಡು ಮತ್ತೆ ಜೋಡಿಸಲ್ಪಟ್ಟು ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಆ 1808ರಲ್ಲೇ ಇನ್ನೊಂದು ಕೆಲಸ ನಡೆಯಿತು. ಶ್ರೀರಂಗಪಟ್ಟಣದ ಯುದ್ಧದಲ್ಲಿ ಭಾಗವಹಿಸಿದವರಿಗೆ ಕಂಪನಿ ಸರ್ಕಾರ ಪದಕಗಳನ್ನು ಹಂಚಿತು. ಕುಚ್ಲರ್ ಎಂಬ ಕಲಾವಿದ ರೂಪಿಸಿದ್ದು, ಬರ್ಮಿಂಗ್‌ಹ್ಯಾಮಿನ ಟಂಕಸಾಲೆಯಲ್ಲಿ ಅಚ್ಚಾದದ್ದು. ದೊಡ್ಡ ಅಧಿಕಾರಿಗೆ ಚಿನ್ನದ್ದು, ಕೆಳಗಿಳಿದಂತೆ ಬೆಳ್ಳಿ, ಕಂಚು, ತವರ. ಕಂಪನಿಯ ಭಾರತೀಯ ಸಿಪಾಯಿಗಳಿಗೂ ಅದು ಸಿಕ್ಕಿತು. ಒಂದು ಬದಿಯಲ್ಲಿ ಕೋಟೆಗೆ ನುಗ್ಗುವ ದೃಶ್ಯ, ಅದರ ಕೆಳಗೆ ಪಾರ್ಸಿ ಬರಹ. ಇನ್ನೊಂದು ಬದಿಯಲ್ಲಿ ಎರಡು ಪ್ರಾಣಿಗಳು. ಬಿದ್ದಿರುವುದು ಹುಲಿ. ಅದನ್ನು ಒತ್ತಿ ಹಿಡಿದಿರುವುದು ಬ್ರಿಟಿಷ್ ಸಿಂಹ. ಮೇಲೆ ಅವರ ಬಾವುಟ ಹಾರುತ್ತಿದೆ. ಬಾವುಟದ ಮೇಲೆ ಒಂದು ಅರಬ್ಬಿ ಸಾಲು. ಓದಿ ನೋಡಿ: 'ಅಸದುಲ್ಲಾಹ್ ಅಲ್-ಗಾಲಿಬ್'.

ಟಿಪ್ಪುವಿನ ಮಾತನ್ನೇ ಟಿಪ್ಪುವಿನ ಮೇಲೆ ತಿರುಗಿಸಿದ್ದರು. ಪಾರ್ಸಿಯಲ್ಲಿ ಶೇರ್ ಮತ್ತು ಬಬ್ರ್ ಬೇರೆ ಬೇರೆ ಎಂದು ಆಗಲೇ ಹೇಳಿದೆನಲ್ಲ, ಆ ಭೇದವನ್ನು ಕಂಪನಿಯವರು ಚೆನ್ನಾಗಿ ಬಳಸಿಕೊಂಡರು. ಬರಹದಲ್ಲಿ 'ಅಸದ್' ಇದೆ, ಅಸದ್ ಎಂದರೆ ಸಿಂಹ, ಸಿಂಹ ನಮ್ಮದು, ನೀನು ಬರೀ ಹುಲಿ ಎಂಬ ಜಾಣತನ ಅದು. ಔರಂಗಜೇಬನು ಮಲಿಕ್-ಎ-ಮೈದಾನಿನ ಮೇಲೆ ತನ್ನ ಹೆಸರು ಕೊರೆಸಿದಾಗ ಹಳೆಯ ಒಡೆಯನ ಹೆಸರನ್ನು ಇದ್ದ ಹಾಗೆಯೇ ಬಿಟ್ಟಿದ್ದನು. ಇವರು ಹೆಸರನ್ನೇ ಕಸಿದುಕೊಂಡರು. ಪದಕವನ್ನು ಎದೆಗೆ ತೂಗುಹಾಕಿಕೊಂಡ ಸಿಪಾಯಿಗಳಲ್ಲಿ ಮುಸ್ಲಿಮರೂ ಇದ್ದರು. ಅವರಲ್ಲಿ ಅಕ್ಷರ ಬಲ್ಲ ಒಬ್ಬನಾದರೂ ಆ ಸಾಲನ್ನು ಓದಿ, ಇಲ್ಲಿ ಅಲ್ಲಾಹನ ಸಿಂಹ ಯಾರು ಎಂದು ಯೋಚಿಸಿರಬೇಕಲ್ಲವೇ? ಅವನು ಏನು ಯೋಚಿಸಿದ ಎಂದು ಯಾರೂ ಬರೆದಿಡಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಉರ್ದು ಓದಿ ಏನು ಪ್ರಯೋಜನ ಎಂದು ಕೆಲವು ಪಾಲಕರು ನನ್ನನ್ನು ಕೇಳುತ್ತಾರೆ, ಕನ್ನಡ ಯಾಕಷ್ಟು ಎಂದು ಇನ್ನು ಕೆಲವರು ಕೇಳುತ್ತಾರೆ. ಶರ್ಜಾ ದರ್ವಾಜಾದ ಕೆಳಗೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುವ ಹುಡುಗನಿಗೆ ಮೇಲಿನ ಶಾಸನ ಓದಲು ಬರುವುದಿಲ್ಲ. ಅದನ್ನು ಓದಬಲ್ಲ ಹಿರಿಯರಿಗೆ ಗಂಡಭೇರುಂಡದ ಕಥೆ ಗೊತ್ತಿರುವುದಿಲ್ಲ. ಮಲಿಕ್-ಎ-ಮೈದಾನಿನ ಬಾಯಿಯ ಆನೆ ಅರ್ಥವಾಗಬೇಕಾದರೆ ಎರಡೂ ಬೇಕು.

ಹುಲಿಯಾಸನದ ಎಂಟು ಚಿಕ್ಕ ತಲೆಗಳಲ್ಲಿ ಒಂದು ಬ್ರಿಟನ್ನಿನ ಪೊವಿಸ್ ಕ್ಯಾಸಲ್‌ನಲ್ಲಿದೆ. ಇನ್ನೊಂದು ಎಲ್ಲಿತ್ತೆಂದು 2009ರವರೆಗೆ ಹೊರಗಿನವರಿಗೆ ತಿಳಿದಿರಲಿಲ್ಲ. ಚಿನ್ನದ ತಲೆ, ಮಾಣಿಕ್ಯ, ವಜ್ರ ಮತ್ತು ಪಚ್ಚೆಗಳ ಕೆಲಸ. 2021ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ದೇಶದಿಂದ ಹೊರಗೆ ಸಾಗಿಸದಂತೆ ತಾತ್ಕಾಲಿಕ ತಡೆ ಹಾಕಿತು. ಬೆಲೆ ಹದಿನೈದು ಲಕ್ಷ ಪೌಂಡ್ ಎಂದು ಗೊತ್ತುಮಾಡಲಾಗಿತ್ತು. ಆ ಹುಲಿ ತಲೆ ಒಂದು ಅಮೃತಶಿಲೆಯ ಪೀಠದ ಮೇಲೆ ಕೂತಿದೆ, ಪೀಠದ ಮೇಲೆ ಚಿನ್ನದ ಬರಹವೊಂದಿದೆ. ಸರ್ಕಾರದ ಪ್ರಕಟಣೆಯ ಪ್ರಕಾರ, ಆ ಬರಹವನ್ನು ಆವರೆಗೆ ಯಾರೂ ಓದಿರಲಿಲ್ಲ.